ಕಡಲೆಕಾಯಿ ಹೊಲ, ಎಣ್ಣೆ ಅಂಗಡಿ ಮತ್ತು ಪಕ್ಷಗಳ ಕೃಷಿ ನೀತಿ

ರಾಜಕೀಯ ಪಕ್ಷಗಳ ಕೃಷಿ ನೀತಿಯಿಂದ ಬೇಸಾಯದ ಮೇಲೂ ಮಾರುಕಟ್ಟೆಯ ಮೇಲೂ ಏನು ಪರಿಣಾಮವಾಗುತ್ತದೆ ಎಂಬುದು ಇಂದಿನ ಭಾಷಣದ ವಿಷಯ. ಹೆಸರು ಕೇಳಿದ ಕೂಡಲೇ ಇದು ಪರೀಕ್ಷೆಗೆ ಬರುವ ಹತ್ತು ಅಂಕದ ಪ್ರಶ್ನೆ ಎಂದು ನಿಮಗೆ ಅನ್ನಿಸಬಹುದು. ಆದರೆ ಈ ವಿಷಯ ನಿಮ್ಮ ಮನೆಯ ಅಡುಗೆ ಒಲೆಯ ಪಕ್ಕದಲ್ಲೇ ಇದೆ. ಅಲ್ಲಿಂದಲೇ ಮಾತು ಶುರು ಮಾಡೋಣ.

ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿನಲ್ಲಿ ಕೊಳಾಲ ಎಂಬ ಹೋಬಳಿ ಕೇಂದ್ರವಿದೆ. ಅಲ್ಲಿನ ಒಂದು ದಿನಸಿ ಅಂಗಡಿಯ ಮುಂದೆ ನಿಂತು ನೋಡಿದರೆ ಎಣ್ಣೆಯ ಪಾಕೀಟುಗಳು ಸಾಲಾಗಿ ತೂಗುತ್ತಿರುತ್ತವೆ. ಹೆಚ್ಚಿನವು ತಾಳೆ ಎಣ್ಣೆ ಮತ್ತು ಸೂರ್ಯಕಾಂತಿ ಎಣ್ಣೆ. ತಾಳೆ ಎಣ್ಣೆ ಮುಖ್ಯವಾಗಿ ಇಂಡೋನೇಷ್ಯಾ ಮತ್ತು ಮಲೇಷ್ಯಾಗಳಿಂದ ಬರುತ್ತದೆ. ಸೂರ್ಯಕಾಂತಿ ಎಣ್ಣೆ ಕಪ್ಪು ಸಮುದ್ರದ ಕಡೆಯ ದೇಶಗಳಿಂದ ಬರುತ್ತದೆ. 2022ರ ಫೆಬ್ರವರಿಯಲ್ಲಿ ಉಕ್ರೇನಿನಲ್ಲಿ ಯುದ್ಧ ಶುರುವಾಯಿತು. ಅದೇ ಏಪ್ರಿಲ್ ಕೊನೆಯಲ್ಲಿ ಇಂಡೋನೇಷ್ಯಾ ಕೆಲವು ವಾರಗಳ ಕಾಲ ತಾಳೆ ಎಣ್ಣೆಯ ರಫ್ತನ್ನು ನಿಲ್ಲಿಸಿತು. ಆಗ ಕೊಳಾಲದಂಥ ಊರಿನ ತಾಯಂದಿರೂ ಒಗ್ಗರಣೆಗೆ ಎಣ್ಣೆ ಹಾಕುವಾಗ ಕೈ ಹಿಡಿಯಬೇಕಾಯಿತು.

ಅಂಥದೇ ಒಂದು ಅಂಗಡಿಯ ಜಗಲಿಯಲ್ಲಿ ಕುಳಿತಿದ್ದ ಹಿರಿಯ ರೈತರೊಬ್ಬರು ನನ್ನನ್ನು ಮಾತಾಡಿಸಿ, "ನಾವೇ ಎಣ್ಣೆ ಬೆಳೀತಿದ್ದೋರು ಮೇಷ್ಟ್ರೇ, ಈಗ ನಾವೇ ಪಾಕೀಟು ತಗಂಡೋಯ್ತೀವಿ" ಎಂದರು. ಅವರ ಮಾತಿನಲ್ಲಿ ದೂರಿಗಿಂತ ಹೆಚ್ಚಾಗಿ ಅಚ್ಚರಿ ಇತ್ತು. ಎಣ್ಣೆ ಬೆಳೆಯುತ್ತಿದ್ದವನು ಎಣ್ಣೆ ಕೊಳ್ಳುವವನಾದದ್ದು ಹೇಗೆ? ಬರೀ ಮಳೆ ಕೈಕೊಟ್ಟದ್ದರಿಂದ ಆಯಿತೇ, ಅಥವಾ ದೆಹಲಿ, ಬೆಂಗಳೂರುಗಳಲ್ಲಿ ಕುಳಿತವರ ತೀರ್ಮಾನಗಳಿಗೂ ಅದರಲ್ಲಿ ಪಾಲಿದೆಯೇ? ಈ ಪ್ರಶ್ನೆಗೆ ಉತ್ತರ ಹುಡುಕಿದರೆ ಇಂದಿನ ವಿಷಯ ತಾನಾಗಿ ಬಿಡಿಸಿಕೊಳ್ಳುತ್ತದೆ.

ಮೊದಲು ನೆಲವನ್ನು ನೋಡೋಣ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳೂ ಬಯಲುಸೀಮೆಗೆ ಸೇರಿದವು. ಮಳೆ ಕಡಿಮೆ. ಅದರಲ್ಲೂ ಮೂರು ಕಡೆ ಆಂಧ್ರಪ್ರದೇಶ ಸುತ್ತುವರಿದಿರುವ ಪಾವಗಡದಲ್ಲಿ ಇನ್ನೂ ಕಡಿಮೆ. ಕೆಂಪು ಮಣ್ಣು, ಕಲ್ಲು ನೆಲ. ಇಂಥ ನೆಲಕ್ಕೆ ಒಗ್ಗಿದ ಬೆಳೆಗಳು ರಾಗಿ ಮತ್ತು ಕಡಲೆಕಾಯಿ. ರಾಗಿ ಮನೆಯ ಊಟಕ್ಕೆ, ಕಡಲೆಕಾಯಿ ಕೈಗೆ ಕಾಸಿಗೆ. ಮಗಳ ಮದುವೆ, ಮಗನ ಕಾಲೇಜಿನ ಫೀಸು, ಸೊಸೈಟಿಯ ಸಾಲ, ಇವೆಲ್ಲ ಕಡಲೆಕಾಯಿ ಕಿತ್ತು ಮಾರಿದ ಮೇಲೆ ಇತ್ಯರ್ಥವಾಗುತ್ತಿದ್ದ ಲೆಕ್ಕಗಳು. ಬಳ್ಳಿ ದನಕ್ಕೆ ಮೇವಾಗುತ್ತಿತ್ತು, ಹಿಂಡಿ ಹಸುವಿಗೆ ಹಾಲು ತರುತ್ತಿತ್ತು. ಕಾಯಿ ಬಿಡಿಸುವ ಕೆಲಸ ಭೂಮಿಯಿಲ್ಲದ ಹೆಣ್ಣುಮಕ್ಕಳಿಗೆ ಕೂಲಿ ಕೊಡುತ್ತಿತ್ತು. ಪಕ್ಕದ ಚಳ್ಳಕೆರೆಗೆ ಎಣ್ಣೆಯ ಊರು ಎಂಬ ಹೆಸರು ಬಂದದ್ದು ಈ ಸೀಮೆಯ ಕಡಲೆಕಾಯಿಯಿಂದಲೇ.

ಸರ್ಕಾರ ಹೊಲಕ್ಕೆ ಬಂದು ನೇಗಿಲು ಹಿಡಿಯುವುದಿಲ್ಲ, ನಿಜ. ಆದರೆ ರೈತ ಏನು ಬಿತ್ತಬೇಕು, ಬೆಳೆದದ್ದನ್ನು ಎಷ್ಟಕ್ಕೆ ಮಾರಬೇಕು ಎಂಬುದನ್ನು ದೂರದಿಂದಲೇ ಬದಲಿಸಬಲ್ಲ ಹಲವು ಹಿಡಿಕೆಗಳು ಅದರ ಕೈಯಲ್ಲಿವೆ. ಒಂದು, ಬೆಂಬಲ ಬೆಲೆ ಮತ್ತು ಖರೀದಿ. ಎರಡು, ಆಮದು ಸುಂಕ ಮತ್ತು ರಫ್ತಿನ ಮೇಲಿನ ನಿರ್ಬಂಧ. ಮೂರು, ಮಾರುಕಟ್ಟೆಯ ಕಾನೂನು, ದಾಸ್ತಾನಿನ ಮಿತಿ, ವಾಯಿದಾ ವ್ಯಾಪಾರದ ನಿಯಮ. ನಾಲ್ಕು, ವಿದ್ಯುತ್, ಗೊಬ್ಬರ, ಸಾಲ ಇವುಗಳ ಮೇಲಿನ ರಿಯಾಯಿತಿ. ಐದು, ಪಡಿತರ ವ್ಯವಸ್ಥೆ. ಚುನಾವಣೆಯ ಪ್ರಣಾಳಿಕೆಯಲ್ಲಿ ಕೃಷಿಯ ಬಗ್ಗೆ ಏನೇ ಬರೆದಿದ್ದರೂ ಕೊನೆಗೆ ಅದು ಈ ಐದರಲ್ಲಿ ಒಂದನ್ನು ಎಳೆಯುವ ಅಥವಾ ಸಡಿಲಿಸುವ ಮಾತೇ ಆಗಿರುತ್ತದೆ.

ಇನ್ನು ಎಣ್ಣೆಯ ಕಥೆಗೆ ಬರೋಣ. 1980ರ ದಶಕದ ನಡುವೆ ನಮ್ಮ ದೇಶ ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಹೆಚ್ಚು ಖಾದ್ಯ ತೈಲವನ್ನು ಹೊರಗಿನಿಂದ ತರಿಸುತ್ತಿತ್ತು. ವಿದೇಶಿ ವಿನಿಮಯ ಕರಗುತ್ತಿತ್ತು. 1986ರಲ್ಲಿ ಪ್ರಧಾನಿ ರಾಜೀವ್ ಗಾಂಧಿಯವರ ಸರ್ಕಾರ ಎಣ್ಣೆಬೀಜಗಳಿಗಾಗಿ ಒಂದು ತಂತ್ರಜ್ಞಾನ ಮಿಷನ್ ಆರಂಭಿಸಿತು. ಒಳ್ಳೆಯ ಬೀಜ, ಬೇಸಾಯದ ತಿಳಿವಳಿಕೆ, ಸಂಸ್ಕರಣೆ, ಬೆಲೆ ಈ ನಾಲ್ಕನ್ನೂ ಒಟ್ಟಿಗೆ ಹಿಡಿದದ್ದು ಅದರ ವಿಶೇಷ. ಜೊತೆಗೆ ಆಮದು ಸರ್ಕಾರದ ಸಂಸ್ಥೆಯ ಹಿಡಿತದಲ್ಲಿದ್ದುದರಿಂದ ಹೊರಗಿನ ಎಣ್ಣೆ ಬೇಕಾಬಿಟ್ಟಿ ಒಳನುಗ್ಗುವಂತಿರಲಿಲ್ಲ. ಫಲವೇನಾಯಿತು? 1985-86ರಲ್ಲಿ ಸುಮಾರು 108 ಲಕ್ಷ ಟನ್ ಇದ್ದ ದೇಶದ ಎಣ್ಣೆಬೀಜ ಉತ್ಪಾದನೆ 1993-94ರ ಹೊತ್ತಿಗೆ ಸುಮಾರು 215 ಲಕ್ಷ ಟನ್ನಿಗೆ ಏರಿತು. ಎಂಟು ವರ್ಷದಲ್ಲಿ ಎರಡರಷ್ಟು! ಆಮದು ಒಂದೆರಡು ಲಕ್ಷ ಟನ್ನಿಗೆ ಇಳಿಯಿತು. ಇದನ್ನೇ ಹಳದಿ ಕ್ರಾಂತಿ ಎಂದು ಕರೆದರು.

ರೈತನಿಗೆ ಬೀಜ ಕೊಟ್ಟದ್ದರಿಂದ ಮಾತ್ರ ಈ ಕ್ರಾಂತಿ ಆಗಲಿಲ್ಲ. ಬೆಳೆದರೆ ಬೆಲೆ ಸಿಕ್ಕೇ ಸಿಗುತ್ತದೆ ಎಂಬ ಭರವಸೆ ಅವನಿಗೆ ಸಿಕ್ಕಿತು. ಆ ಭರವಸೆಯೇ ನಿಜವಾದ ಗೊಬ್ಬರ.

ಮುಂದೆ ಗಾಳಿ ತಿರುಗಿತು. 1991ರ ಆರ್ಥಿಕ ಬಿಕ್ಕಟ್ಟಿನ ನಂತರ ದೇಶ ಉದಾರೀಕರಣದ ಹಾದಿ ಹಿಡಿಯಿತು. ವಿಶ್ವ ವ್ಯಾಪಾರದ ಒಪ್ಪಂದದ ಮಾತುಕತೆಗಳು ನಡೆದಿದ್ದವು. ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘ ಅದನ್ನು ವಿರೋಧಿಸಿ 1993ರಲ್ಲಿ ಬೆಂಗಳೂರಿನಲ್ಲಿ ಬೃಹತ್ ಸಮಾವೇಶ ನಡೆಸಿದ್ದನ್ನು ನಿಮ್ಮ ಹಿರಿಯರು ನೆನೆಯಬಹುದು. 1994ರಲ್ಲಿ ತಾಳೆ ಎಣ್ಣೆಯ ಆಮದನ್ನು ಖಾಸಗಿಯವರಿಗೆ ಮುಕ್ತಗೊಳಿಸಲಾಯಿತು. ಆಗ ಸುಂಕ ಶೇಕಡಾ 65. 1995ರಲ್ಲಿ ಬೇರೆ ಎಣ್ಣೆಗಳಿಗೂ ಬಾಗಿಲು ತೆರೆದು ಸುಂಕವನ್ನು ಶೇಕಡಾ 30ಕ್ಕೆ ಇಳಿಸಿದರು. 1998ರ ಹೊತ್ತಿಗೆ ಅದು ಶೇಕಡಾ 15ಕ್ಕೆ ಬಂತು. ದಶಕದ ಕೊನೆಗೆ ಆಮದು ವರ್ಷಕ್ಕೆ ನಲವತ್ತು ಲಕ್ಷ ಟನ್ ದಾಟಿತು.

ಇದಕ್ಕೆಲ್ಲ ವಿಶ್ವ ವ್ಯಾಪಾರ ಸಂಸ್ಥೆಯೇ ಕಾರಣ ಎಂದು ಹಲವರು ಹೇಳುತ್ತಾರೆ. ಆದರೆ ಆ ಒಪ್ಪಂದದಂತೆ ತಾಳೆ ಎಣ್ಣೆಯ ಮೇಲೆ ಶೇಕಡಾ 300ರವರೆಗೆ ಸುಂಕ ಹಾಕುವ ಅಧಿಕಾರವನ್ನು ಭಾರತ ಉಳಿಸಿಕೊಂಡಿತ್ತು. ಸೋಯಾ ಎಣ್ಣೆಗೆ ಮಾತ್ರ ಮಿತಿ ಶೇಕಡಾ 45. ಅಂದರೆ 15ಕ್ಕೆ ಇಳಿಸಿದ್ದು ಹೊರಗಿನವರ ಬಲವಂತದಿಂದಲ್ಲ, ನಮ್ಮದೇ ಸರ್ಕಾರಗಳ ತೀರ್ಮಾನದಿಂದ. ಅದೂ ಒಂದೇ ಪಕ್ಷದ ತೀರ್ಮಾನವಲ್ಲ. ಕಾಂಗ್ರೆಸ್ ಆರಂಭಿಸಿತು, ಸಂಯುಕ್ತ ರಂಗ ಮುಂದುವರಿಸಿತು, ಭಾರತೀಯ ಜನತಾ ಪಕ್ಷದ ನೇತೃತ್ವದ ಸರ್ಕಾರವೂ ಅದೇ ದಾರಿಯಲ್ಲಿತ್ತು.

ಯಾಕೆ ಹೀಗೆ? ಎಣ್ಣೆ ಬೆಳೆಯುವವನಿಗೂ ಒಂದು ಮತ, ಎಣ್ಣೆ ಕೊಳ್ಳುವವನಿಗೂ ಒಂದು ಮತ. ಕೊಳ್ಳುವವರ ಸಂಖ್ಯೆ ದೊಡ್ಡದು. 1998ರ ನವೆಂಬರಿನಲ್ಲಿ ದೆಹಲಿ, ರಾಜಸ್ಥಾನಗಳಲ್ಲಿ ಆಳುವ ಪಕ್ಷ ಸೋತಾಗ ಈರುಳ್ಳಿಯ ಬೆಲೆಯೂ ಒಂದು ಕಾರಣವೆಂದು ಎಲ್ಲರೂ ಹೇಳಿದರು. ಅಂದಿನಿಂದ ಯಾವ ಪಕ್ಷವೂ ಆ ಪಾಠವನ್ನು ಮರೆತಿಲ್ಲ. ಬೆಲೆ ಏರಿದರೆ ಪೇಟೆಯ ಜನ ಆ ದಿನವೇ ಮಾತಾಡುತ್ತಾರೆ. ಬೆಲೆ ಬಿದ್ದರೆ ರೈತ ಮುಂದಿನ ಸಲ ಬೇರೆ ಬೆಳೆ ಇಡುತ್ತಾನೆ. ಒಂದು ಗದ್ದಲ ಮಾಡುತ್ತದೆ, ಇನ್ನೊಂದು ಸದ್ದಿಲ್ಲದೆ ಆಗುತ್ತದೆ.

ಮುಂದಿನ ವರ್ಷಗಳ ಸುಂಕದ ಚರಿತ್ರೆಯನ್ನು ನೋಡಿ. 2008ರಲ್ಲಿ ಜಗತ್ತಿನಲ್ಲೆಲ್ಲ ಆಹಾರದ ಬೆಲೆ ಏರಿದಾಗ ಕಚ್ಚಾ ಖಾದ್ಯ ತೈಲದ ಸುಂಕವನ್ನು ಸೊನ್ನೆಗೆ ಇಳಿಸಲಾಯಿತು. 2018ರ ಮಾರ್ಚ್‌ನಲ್ಲಿ ರೈತರ ಹಿತಕ್ಕಾಗಿ ಕಚ್ಚಾ ತಾಳೆ ಎಣ್ಣೆಯ ಮೇಲೆ ಶೇಕಡಾ 44ಕ್ಕೆ ಏರಿಸಲಾಯಿತು. 2021ರ ಅಕ್ಟೋಬರಿನಲ್ಲಿ ಮೂಲ ಸುಂಕ ಮತ್ತೆ ಸೊನ್ನೆ. 2024ರ ಸೆಪ್ಟೆಂಬರಿನಲ್ಲಿ, ಸೋಯಾ ಬೆಳೆ ಕೊಯ್ಲಿಗೆ ಬರುವ ಮುಂಚೆ ಮತ್ತು ಮಹಾರಾಷ್ಟ್ರದ ಚುನಾವಣೆಗೆ ಎರಡು ತಿಂಗಳಿರುವಾಗ, ಶೇಕಡಾ 20. 2025ರ ಮೇ ಕೊನೆಗೆ ಶೇಕಡಾ 10. ಪ್ರತಿಯೊಂದು ತೀರ್ಮಾನಕ್ಕೂ ಆ ಹೊತ್ತಿನಲ್ಲಿ ಒಂದು ಸಕಾರಣವಿತ್ತು. ಆದರೆ ಜೂನ್‌ನಲ್ಲಿ ಬಿತ್ತುವ ರೈತನಿಗೆ ನವೆಂಬರಿನಲ್ಲಿ ಸುಂಕ ಎಷ್ಟಿರುತ್ತದೆ ಎಂಬುದು ಗೊತ್ತಿರುವುದಿಲ್ಲ. ಮಳೆಯ ಜೂಜಿನ ಜೊತೆಗೆ ಇದೊಂದು ಜೂಜೂ ಅವನ ತಲೆಗೆ ಬಂತು.

ಹೊರಗಿನ ಎಣ್ಣೆಯ ಬೆಲೆ ನಮ್ಮ ಹೊಲದ ಕಾಯಿಯ ಬೆಲೆಯನ್ನು ಹೇಗೆ ಮುಟ್ಟುತ್ತದೆ? ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಕ್ವಿಂಟಾಲ್ ಕಾಯಿ ಬಿಡಿಸಿದರೆ ಸುಮಾರು 70 ಕೆ.ಜಿ. ಬೀಜ. ಅದನ್ನು ಅರೆದರೆ ಸುಮಾರು 30 ಕೆ.ಜಿ. ಎಣ್ಣೆ, 38 ಕೆ.ಜಿ. ಹಿಂಡಿ. 2025-26ಕ್ಕೆ ಕೇಂದ್ರ ಸರ್ಕಾರ ಘೋಷಿಸಿದ ಕಡಲೆಕಾಯಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 7,263 ರೂಪಾಯಿ. ಹಿಂಡಿಗೆ ಕೆ.ಜಿ.ಗೆ 40 ರೂಪಾಯಿ ಸಿಕ್ಕಿತೆಂದು ಇಟ್ಟುಕೊಳ್ಳಿ, 1,520 ರೂಪಾಯಿ ಆಯಿತು. ಉಳಿದ 5,743 ರೂಪಾಯಿ 30 ಕೆ.ಜಿ. ಎಣ್ಣೆಯಿಂದ ಬರಬೇಕು. ಅಂದರೆ ಕೆ.ಜಿ.ಗೆ ಸುಮಾರು 190 ರೂಪಾಯಿ. ಮಿಲ್ಲಿನ ಖರ್ಚು, ಸಾಗಣೆ, ಲಾಭ ಇನ್ನೂ ಸೇರಿಲ್ಲ. ಪಕ್ಕದ ಕೊಕ್ಕೆಯಲ್ಲಿ ಅದಕ್ಕಿಂತ ಅಗ್ಗದ ತಾಳೆ ಎಣ್ಣೆ ತೂಗುತ್ತಿರುವಾಗ ಮಿಲ್ಲಿನವನು ರೈತನಿಗೆ ಬೆಂಬಲ ಬೆಲೆ ಕೊಟ್ಟು ಕೊಳ್ಳುವ ಧೈರ್ಯ ಮಾಡುವುದು ಕಷ್ಟ. ಮಂಡಿಯ ಹರಾಜಿನಲ್ಲಿ ಕೂಗುವ ಬೆಲೆಯ ಹಿಂದೆ ಈ ಲೆಕ್ಕವಿರುತ್ತದೆ.

ಹಾಗೆಂದು ಎಲ್ಲ ತಪ್ಪನ್ನೂ ಆಮದಿನ ಮೇಲೆ ಹೊರಿಸುವುದು ಸರಿಯಲ್ಲ. ನಮ್ಮ ಮಳೆಯಾಶ್ರಿತ ಹೊಲಗಳ ಇಳುವರಿ ಕಡಿಮೆ. ಎಕರೆಗೆ ಮೂರು ನಾಲ್ಕು ಕ್ವಿಂಟಾಲ್ ಬಂದರೆ ಒಳ್ಳೆಯ ವರ್ಷ. ಬಿತ್ತನೆಗೇ ಎಕರೆಗೆ 40ರಿಂದ 50 ಕೆ.ಜಿ. ಬೀಜ ಬೇಕು, ಅಂದರೆ ಬೆಳೆದದ್ದರಲ್ಲಿ ಐದನೇ ಒಂದು ಭಾಗ ಮತ್ತೆ ಮಣ್ಣಿಗೇ ಹೋಯಿತು. ದಶಕಗಳ ಹಿಂದೆ ಬಂದ ಟಿ.ಎಂ.ವಿ.-2 ತಳಿಯೇ ಬಹುಕಾಲ ಇಲ್ಲಿ ನಡೆದುಬಂತು. ಹೂ ಕಟ್ಟುವಾಗ ಮಳೆ ಹೋಗುವುದು, ಕೀಳುವಾಗ ಕೂಲಿಯವರು ಸಿಗದಿರುವುದು, ಹಂದಿಗಳ ಕಾಟ ಇವೂ ಇವೆ. ನೀತಿ ಸರಿಯಿದ್ದಿದ್ದರೆ ಇವೆಲ್ಲ ಮಾಯವಾಗುತ್ತಿದ್ದವು ಎನ್ನಲಾಗದು. ಆದರೆ ಬೆಲೆಯ ಭರವಸೆ ಇದ್ದಿದ್ದರೆ ತಳಿ, ನೀರು, ಯಂತ್ರ ಇವುಗಳ ಮೇಲೆ ಹಣ ಹಾಕುವ ಮನಸ್ಸು ಬರುತ್ತಿತ್ತು.

ಇದನ್ನು ರಾಗಿಯ ಜೊತೆ ಹೋಲಿಸಿ ನೋಡಿ. 2018ರಲ್ಲಿ ಕೇಂದ್ರ ಸರ್ಕಾರ ಉತ್ಪಾದನಾ ವೆಚ್ಚದ ಒಂದೂವರೆ ಪಟ್ಟು ಬೆಂಬಲ ಬೆಲೆ ಕೊಡುವುದಾಗಿ ಹೇಳಿತು. ಕ್ವಿಂಟಾಲಿಗೆ 1,900 ಇದ್ದ ರಾಗಿಯ ಬೆಲೆ ಒಂದೇ ಸಲಕ್ಕೆ 2,897ಕ್ಕೆ ಏರಿತು. ಈ ವೆಚ್ಚದಲ್ಲಿ ರೈತನ ಸ್ವಂತ ಭೂಮಿಯ ಗೇಣಿ, ಬಂಡವಾಳದ ಬಡ್ಡಿ ಸೇರಿಲ್ಲ ಎಂಬ ತಕರಾರು ಇದ್ದೇ ಇದೆ. ಆದರೂ ರಾಗಿಗೆ ಅದರಿಂದ ನಿಜವಾದ ಲಾಭವಾಯಿತು. ಕಾರಣ, ಘೋಷಣೆಯ ಜೊತೆ ಖರೀದಿ ಕೇಂದ್ರವೂ ಇತ್ತು. ಕೊಂಡ ರಾಗಿಯನ್ನು ಹಂಚಲು ದಕ್ಷಿಣ ಕರ್ನಾಟಕದ ನ್ಯಾಯಬೆಲೆ ಅಂಗಡಿಗಳಿದ್ದವು. ರಾಜ್ಯದಲ್ಲಿ ರಾಗಿ ತಿನ್ನುವ ಬಾಯಿಗಳೂ ಇದ್ದವು. 2025-26ಕ್ಕೆ ಅದರ ಬೆಂಬಲ ಬೆಲೆ 4,886 ರೂಪಾಯಿ. ಖರೀದಿ ಕೇಂದ್ರದ ಮುಂದಿನ ಸಾಲು, ಒಬ್ಬರಿಂದ ಇಷ್ಟೇ ಎಂಬ ಮಿತಿ, ಹಣ ಬರುವ ತಡ ಇವುಗಳ ಬಗ್ಗೆ ರೈತರ ದೂರು ಇದೆ. ಆದರೆ ಸಾಲಿನಲ್ಲಿ ನಿಲ್ಲುವುದಕ್ಕೂ ಒಂದು ಕೇಂದ್ರ ಇರಬೇಕಲ್ಲವೇ? ಕಡಲೆಕಾಯಿಗೂ ಬೆಂಬಲ ಬೆಲೆ ಇದೆ, ಖರೀದಿಯ ಯೋಜನೆಯೂ ಇದೆ. ಆದರೆ ರಾಗಿಯ ಹಾಗೆ ಕೊಂಡದ್ದನ್ನು ಪಡಿತರದ ಮೂಲಕ ಮನೆಮನೆಗೆ ಮುಟ್ಟಿಸುವ ಕೊಂಡಿ ಇಲ್ಲ. ಕೊಳ್ಳುವವರಿಲ್ಲದ ಬೆಂಬಲ ಬೆಲೆ ಗೋಡೆಗೆ ತೂಗುಹಾಕಿದ ಪಂಚಾಂಗದ ಹಾಗೆ. ಒಳ್ಳೆಯ ದಿನವನ್ನು ಅದು ಹೇಳುತ್ತದೆ, ತರುವುದಿಲ್ಲ.

ಇನ್ನು ಮಾರುಕಟ್ಟೆಯ ಕಾನೂನು. ದಲ್ಲಾಳಿಯ ತೂಕದಲ್ಲಿ ಮೋಸ, ಬೆಲೆಯಲ್ಲಿ ಮೋಸ ತಪ್ಪಿಸಲೆಂದೇ ಕರ್ನಾಟಕದಲ್ಲಿ 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆ ಬಂತು. ಪ್ರಾಂಗಣದೊಳಗೆ, ಎಲ್ಲರ ಕಣ್ಣೆದುರು ಹರಾಜು ಅಥವಾ ಟೆಂಡರು ನಡೆಯಬೇಕು ಎಂಬುದು ಅದರ ಆಶಯ. 2020ರಲ್ಲಿ ಕೇಂದ್ರವೂ ರಾಜ್ಯವೂ ಪ್ರಾಂಗಣದ ಹೊರಗಿನ ವ್ಯಾಪಾರವನ್ನು ಮುಕ್ತಗೊಳಿಸಿದವು. ಒಂದು ಪಕ್ಷ ಅದನ್ನು ರೈತನ ಬಿಡುಗಡೆ ಎಂದಿತು, ಇನ್ನೊಂದು ರೈತನನ್ನು ಕೈಬಿಟ್ಟಂತೆ ಎಂದಿತು. ಒಂದು ವರ್ಷಕ್ಕೂ ಮೀರಿ ದೆಹಲಿಯ ಗಡಿಯಲ್ಲಿ ನಡೆದ ಚಳವಳಿಯ ನಂತರ 2021ರ ಕೊನೆಗೆ ಕೇಂದ್ರದ ಮೂರು ಕಾಯಿದೆಗಳೂ ರದ್ದಾದವು. ಇಬ್ಬರ ಮಾತಿನಲ್ಲೂ ಸ್ವಲ್ಪ ಸತ್ಯವಿದೆ. ಕೊಳ್ಳುವವರು ಹೆಚ್ಚಿದರೆ ಬೆಲೆ ಏರಬಹುದು. ಆದರೆ ಎರಡು ಮೂಟೆ ಕಾಯಿ ಇಟ್ಟುಕೊಂಡ ಸಣ್ಣ ರೈತನಿಗೆ ಕಣ್ಣೆದುರಿನ ತಕ್ಕಡಿ, ಪಕ್ಕದಲ್ಲೇ ಕೂಗುವ ಹರಾಜು ಒಂದು ರಕ್ಷಣೆಯೂ ಹೌದು.

ನಾಲ್ಕನೆಯ ಹಿಡಿಕೆ ವಿದ್ಯುತ್ತು ಮತ್ತು ಸಾಲ. 1990ರ ದಶಕದ ಮೊದಲ ವರ್ಷಗಳಲ್ಲಿ ಎಸ್. ಬಂಗಾರಪ್ಪನವರ ಸರ್ಕಾರ 10 ಎಚ್.ಪಿ.ವರೆಗಿನ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ ಕೊಟ್ಟಿತು. ಮುಂದಿನ ಸರ್ಕಾರಗಳಲ್ಲಿ ಶುಲ್ಕದ ಮಾತು ಬಂದರೂ ಕೊನೆಗೆ ಉಚಿತವೇ ಉಳಿಯಿತು. ಬಡ ರೈತನ ಬಾವಿಗೆ ಅದು ಆಸರೆಯಾಯಿತು, ಸುಳ್ಳಲ್ಲ. ಆದರೆ ಕೊಳವೆಬಾವಿಗಳು ನೂರಾರು ಅಡಿ ಇಳಿದವು. ಅಂತರ್ಜಲವನ್ನು ಮಿತಿಮೀರಿ ಬಳಸಿದ ತಾಲ್ಲೂಕುಗಳ ಪಟ್ಟಿಯಲ್ಲಿ ಈ ಸೀಮೆಯ ಹೆಸರುಗಳು ಸೇರಿದವು. ನೀರು ಸಿಕ್ಕವನು ಕಡಲೆಕಾಯಿ ಬಿಟ್ಟು ಅಡಿಕೆ ಇಟ್ಟ. ಇಲ್ಲಿ ಆಮದಿನ ನೀತಿ ಇನ್ನೊಂದು ಬಗೆಯಲ್ಲಿ ಕೆಲಸ ಮಾಡಿದ್ದನ್ನು ನೋಡಿ. ಕೆ.ಜಿ.ಗೆ 351 ರೂಪಾಯಿಗಿಂತ ಕಡಿಮೆ ಬೆಲೆಯ ಅಡಿಕೆ ಹೊರಗಿನಿಂದ ಬರಬಾರದೆಂದು 2023ರ ಫೆಬ್ರವರಿಯಲ್ಲಿ ಸರ್ಕಾರ ಕಟ್ಟಳೆ ಮಾಡಿತು. ಅದಕ್ಕೆ ಮುಂಚೆ ಆ ಮಿತಿ 251 ಇತ್ತು. ಅಂದರೆ ಕಡಿಮೆ ನೀರು ಕೇಳುವ ಕಡಲೆಕಾಯಿಯ ಎಣ್ಣೆ ಅಗ್ಗದ ಆಮದಿನ ಎದುರು ನಿಂತಿತು, ಹೆಚ್ಚು ನೀರು ಕೇಳುವ ಅಡಿಕೆಗೆ ಬೇಲಿಯೂ ಸಿಕ್ಕಿತು, ಉಚಿತ ವಿದ್ಯುತ್ತೂ ಸಿಕ್ಕಿತು. ಮಲೆನಾಡಿನ ಅಡಿಕೆ ಬೆಳೆಗಾರರ ಬದುಕಿಗೆ ಆ ಬೇಲಿ ಅಗತ್ಯವಾಗಿರಬಹುದು. ಆದರೆ ಬಯಲುಸೀಮೆಯ ರೈತ ಎರಡನ್ನೂ ಕೂಡಿಸಿ ಲೆಕ್ಕ ಹಾಕಿದ. ಅವನ ಲೆಕ್ಕ ತಪ್ಪಲ್ಲ. ಬೇರೆಬೇರೆ ಇಲಾಖೆಗಳಲ್ಲಿ ಹುಟ್ಟಿದ ನೀತಿಗಳು ಅವನ ಹೊಲದಲ್ಲಿ ಬಂದು ಸೇರುತ್ತವೆ.

ಸಾಲ ಮನ್ನಾ ಕೂಡ ಹಾಗೆಯೇ. 1990ರಲ್ಲಿ ವಿ.ಪಿ. ಸಿಂಗ್ ಸರ್ಕಾರ, 2008ರಲ್ಲಿ ಮನಮೋಹನ್ ಸಿಂಗ್ ಸರ್ಕಾರ, ನಮ್ಮ ರಾಜ್ಯದಲ್ಲಿ 2017ರಲ್ಲಿ ಸಿದ್ದರಾಮಯ್ಯ ಸರ್ಕಾರ, 2018ರಲ್ಲಿ ಕುಮಾರಸ್ವಾಮಿ ಸರ್ಕಾರ ಸಾಲ ಮನ್ನಾ ಮಾಡಿದವು. ಬರದ ವರ್ಷದಲ್ಲಿ ಅದು ಜೀವ ಉಳಿಸುವ ಮದ್ದು. ಆದರೆ ಸಾಲ ಹುಟ್ಟುವ ಕಾರಣ ಬೆಲೆಯಲ್ಲಿದ್ದರೆ, ಬೆಲೆ ಸರಿಹೋಗದೆ ಸಾಲ ಮತ್ತೆ ಹುಟ್ಟುತ್ತದೆ. ಬಡ್ಡಿಗೆ ಕೈಸಾಲ ತಂದವನ ಹೆಸರಂತೂ ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಈ ಎಲ್ಲದರ ಕೊನೆಯ ದೃಶ್ಯ ಪಾವಗಡದಲ್ಲಿದೆ. ತಿರುಮಣಿಯ ಸುತ್ತಿನ ಐದು ಹಳ್ಳಿಗಳ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಎದ್ದಿದೆ. ಅದರ ಮೊದಲ ಹಂತ 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಭೂಮಿಯನ್ನು ಕಿತ್ತುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಕೊಟ್ಟು ಪಡೆದರು. ಅದನ್ನು ಕಾಲಕಾಲಕ್ಕೆ ಏರಿಸುವ ಕರಾರೂ ಇದೆ. 2017-18ರಲ್ಲಿ ಕಡಲೆಕಾಯಿಯ ಬೆಂಬಲ ಬೆಲೆ 4,450 ರೂಪಾಯಿ. ಎಕರೆಗೆ ಮೂರು ಕ್ವಿಂಟಾಲ್ ಬೆಳೆದರೂ ಖರ್ಚು ಕಳೆಯುವ ಮುಂಚೆ 13,350. ಗುತ್ತಿಗೆಗೆ ಕೊಟ್ಟ ರೈತನನ್ನು ದೂರುವುದು ಹೇಗೆ? ಬರದ ನಾಡಿಗೆ ಅದೊಂದು ಖಚಿತ ಆದಾಯ. ಆದರೆ ಆ ಹಣ ಹೊಲದ ಯಜಮಾನನಿಗೆ ಬರುತ್ತದೆ. ಕಾಯಿ ಬಿಡಿಸುತ್ತಿದ್ದ ಹೆಂಗಸಿಗೆ, ಕುರಿ ಮೇಯಿಸುತ್ತಿದ್ದವನಿಗೆ ಆ ಕರಾರಿನಲ್ಲಿ ಸಾಲು ಇಲ್ಲ. ಒಂದು ಬೆಳೆ ಹೋದಾಗ ಅದರ ಸುತ್ತಲಿನ ಬದುಕುಗಳೂ ಹೋಗುತ್ತವೆ ಎಂಬುದಕ್ಕೆ ಇದು ನಿದರ್ಶನ.

ಮಿತ್ರರೇ, ನಿಮ್ಮಲ್ಲಿ ಹಲವರು ಈಗಾಗಲೇ ಮತದಾರರು, ಉಳಿದವರು ಬೇಗ ಆಗುವವರು. ಯಾವ ಪಕ್ಷ ಒಳ್ಳೆಯದು ಎಂದು ಹೇಳುವುದು ನನ್ನ ಕೆಲಸವಲ್ಲ. ಪ್ರಣಾಳಿಕೆಯನ್ನು ಓದುವ ಬಗೆಯನ್ನು ಮಾತ್ರ ಹೇಳುತ್ತೇನೆ. ಕೃಷಿಯ ಬಗ್ಗೆ ಯಾವುದೇ ಭರವಸೆ ಕಂಡರೂ ನಾಲ್ಕು ಪ್ರಶ್ನೆ ಕೇಳಿ. ಬೆಲೆ ಘೋಷಿಸಿದ್ದೀರಿ, ಕೊಳ್ಳುವವರು ಯಾರು? ಇದರ ಖರ್ಚನ್ನು ಹೊರುವವರು ಯಾರು, ಬೊಕ್ಕಸವೋ, ಕೊಳ್ಳುವ ಗ್ರಾಹಕನೋ, ನೆಲದಡಿಯ ನೀರೋ? ಇದು ಬಿತ್ತುವ ಮುಂಚೆ ಗೊತ್ತಾಗುತ್ತದೆಯೋ, ಕೊಯ್ಲಾದ ಮೇಲೋ? ಭೂಮಿಯಿಲ್ಲದವನಿಗೆ ಇದರಲ್ಲಿ ಏನಿದೆ?

ಕೊಳ್ಳುವ ಬಡವನಿಗೂ ಎಣ್ಣೆ ಎಟುಕಬೇಕು, ಬೆಳೆಯುವ ಬಡವನಿಗೂ ಬೆಲೆ ದಕ್ಕಬೇಕು. ಇವೆರಡೂ ಒಟ್ಟಿಗೆ ಆಗುವುದು ಸುಲಭವಲ್ಲ, ಆದರೆ ಅಸಾಧ್ಯವೂ ಅಲ್ಲ. ರಾಗಿಯಲ್ಲಿ ತಕ್ಕಮಟ್ಟಿಗೆ ಆಗಿದೆ. ರೈತನಿಂದ ನ್ಯಾಯವಾದ ಬೆಲೆಗೆ ಕೊಂಡು ಬಡವನಿಗೆ ಪಡಿತರದಲ್ಲಿ ಕೊಟ್ಟಾಗ ಇಬ್ಬರೂ ಬದುಕಿದರು. ಎಣ್ಣೆಯಲ್ಲಿ ಅಂಥ ದಾರಿಯನ್ನು ಹುಡುಕುವುದು ನಿಮ್ಮ ತಲೆಮಾರಿನ ಅರ್ಥಶಾಸ್ತ್ರಜ್ಞರ, ವಿಜ್ಞಾನಿಗಳ, ಶಾಸಕರ ಕೆಲಸ.

ಇಂದು ಮನೆಗೆ ಹೋದ ಮೇಲೆ ಎರಡು ಕೆಲಸ ಮಾಡಿ. ಎಣ್ಣೆಯ ಪಾಕೀಟನ್ನು ತಿರುಗಿಸಿ ಅದು ಯಾವ ಎಣ್ಣೆ ಎಂದು ಓದಿ. ಆಮೇಲೆ ನಿಮ್ಮ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ: "ನಮ್ಮ ಹೊಲದಲ್ಲಿ ಕಡಲೆಕಾಯಿ ಇಡುವುದನ್ನು ಯಾವ ವರ್ಷ ನಿಲ್ಲಿಸಿದಿರಿ, ಯಾಕೆ?" ಅವರು ಹೇಳುವ ವರ್ಷವನ್ನು, ನಾನು ಈಗ ಹೇಳಿದ ವರ್ಷಗಳ ಪಕ್ಕದಲ್ಲಿ ಬರೆದಿಟ್ಟು ನೋಡಿ. ಪಠ್ಯಪುಸ್ತಕದಲ್ಲಿ ಇಲ್ಲದ ಒಂದು ಪಾಠ ಅಲ್ಲಿ ಸಿಗುತ್ತದೆ.